ಮನೆಯ ನೆರಳಿಗೆ ಸಿಕ್ಕ ಲಾನ್: ನವೆಂಬರ್‌ನಿಂದ ಫೆಬ್ರವರಿವರೆಗಿನ ದುರಸ್ತಿ ದಾಖಲೆ

ಜಾಗ ಬೆಂಗಳೂರು. ಲಾನ್ ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 20 ಅಡಿ. ಒಟ್ಟು 600 ಚದರಡಿ, ಅಂದರೆ ಹತ್ತಿರಹತ್ತಿರ 56 ಚದರ ಮೀಟರ್. ಬಹುಪಾಲು ನರ್ಸರಿಯವರು ಮೆಕ್ಸಿಕನ್ ಎಂದು ಮಾರುವ ಸಣ್ಣೆಲೆಯ ಜೋಯ್ಸಿಯಾ ಹುಲ್ಲು. ಗೇಟಿನ ಕಡೆ ಅಲ್ಲಲ್ಲಿ ಬರ್ಮುಡಾ, ಅಂದರೆ ನಮ್ಮ ಗರಿಕೆಯೇ. ಲಾನಿನ ದಕ್ಷಿಣಕ್ಕೆ ಎರಡು ಅಂತಸ್ತಿನ ಮನೆ, ಪ್ಯಾರಪೆಟ್ ಸೇರಿ 23 ಅಡಿ ಎತ್ತರ. ಗೋಡೆಗೂ ಹುಲ್ಲಿಗೂ ನಡುವೆ 3 ಅಡಿ ಸಿಮೆಂಟಿನ ದಾರಿ.

ತೊಂದರೆ ಇದು: ಡಿಸೆಂಬರ್ ಬಂತೆಂದರೆ ಮನೆಯ ಕಡೆಯ ಹುಲ್ಲು ಹಳದಿಗೆ ತಿರುಗಿ ತೆಳ್ಳಗಾಗುತ್ತದೆ, ಜನವರಿಯಲ್ಲಿ ಅಲ್ಲಲ್ಲಿ ಬೋಳು ಬೀಳುತ್ತದೆ. ಚಳಿಗೆ ಹೀಗಾಗಿದೆ ಎಂದುಕೊಂಡು ಯೂರಿಯಾ ಹಾಕಿ, ಸಂಜೆ ಸಂಜೆ ನೀರು ಬಿಟ್ಟರೆ ಇನ್ನಷ್ಟು ಕೆಡುತ್ತದೆ.

ಚಳಿಯ ಲೆಕ್ಕ ಮೊದಲು ನೋಡೋಣ. ಗರಿಕೆ, ಜೋಯ್ಸಿಯಾ ಎರಡೂ ಬಿಸಿನಾಡಿನ ಹುಲ್ಲು. 27ರಿಂದ 35 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಮಣ್ಣು 15 ಡಿಗ್ರಿಯ ಹತ್ತಿರ ಬಂದಾಗ ಬೆಳವಣಿಗೆ ತೀರಾ ನಿಧಾನವಾಗುತ್ತದೆ, 10ರ ಕೆಳಗೆ ಬಣ್ಣ ಬಿಟ್ಟು ಮಲಗಿಬಿಡುತ್ತವೆ. ಬೆಂಗಳೂರಿನ ಜನವರಿಯಲ್ಲಿ ಹಗಲು 27ರ ಆಸುಪಾಸು, ರಾತ್ರಿ 15-16. ಈ ಚಳಿಗೆ ಹುಲ್ಲು ನಿಧಾನವಾಗುತ್ತದೆ ಅಷ್ಟೆ, ಸಾಯುವುದಿಲ್ಲ. ಬೀದರ್, ವಿಜಯಪುರದ ಕಡೆ ರಾತ್ರಿಯ ಉಷ್ಣತೆ 10ರ ಹತ್ತಿರ ಇಳಿದಾಗ ಗರಿಕೆ ಮಂಕಾಗುವುದು ಚಳಿಯಿಂದಲೇ. ಅದು ಮಾರ್ಚ್‌ನಲ್ಲಿ ತಾನಾಗಿ ಚಿಗುರುತ್ತದೆ. ಬೆಂಗಳೂರಿನ ಲಾನಿನಲ್ಲಿ ಒಂದು ಕಡೆ ಮಾತ್ರ ಹುಲ್ಲು ಸಾಯುತ್ತಿದೆ ಎಂದರೆ ಚಳಿಯನ್ನು ದೂರಿ ಫಲವಿಲ್ಲ. ಚಳಿ ಎರಡೂ ಕಡೆಗೆ ಒಂದೇ ಅಲ್ಲವೇ.

ಹಾಗಾದರೆ ಎರಡು ಕಡೆಗೂ ವ್ಯತ್ಯಾಸ ಏನು? ಬಿಸಿಲು.

ನೆರಳಿನ ಅಳತೆ

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 22ರ ನಡುಹಗಲಲ್ಲಿ ಸೂರ್ಯ ದಕ್ಷಿಣದ ಕಡೆ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. 23 ಅಡಿ ಮನೆಯ ನೆರಳು ಆಗ ಉತ್ತರಕ್ಕೆ 17 ಅಡಿ ಚಾಚುತ್ತದೆ. ದಾರಿಯ 3 ಅಡಿ ಕಳೆದರೆ ಲಾನಿನ 20 ಅಡಿಯಲ್ಲಿ 14 ಅಡಿ ನೆರಳಲ್ಲಿ. ನವೆಂಬರ್ ನಡುವಿನಲ್ಲಿ ನೆರಳು 14 ಅಡಿ, ಫೆಬ್ರವರಿ ನಡುವಿನಲ್ಲಿ 11, ಫೆಬ್ರವರಿ ಕೊನೆಗೆ 9ಕ್ಕೂ ಒಳಗೆ, ಮಾರ್ಚ್ 21ಕ್ಕೆ ಐದು ಅಡಿ ಚಿಲ್ಲರೆ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಇರುವುದಿಲ್ಲ. ಅದೇ ನಾವು ಶೂನ್ಯ ನೆರಳಿನ ದಿನ ಎನ್ನುವುದು. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ, ಈ ಲಾನಿಗೆ ಪೂರ್ತಿ ಬಿಸಿಲು. ಮೇ ತಿಂಗಳಲ್ಲಿ ಲಾನ್ ಹಾಕಿಸಿದವರಿಗೆ ಡಿಸೆಂಬರ್‌ನ ನೆರಳು ಕಣ್ಣಿಗೆ ಬೀಳುವುದೇ ಇಲ್ಲ. ಉತ್ತರ ದಿಕ್ಕಿಗೆ ಅಂಗಳವಿರುವ ಮನೆಗಳಲ್ಲೆಲ್ಲ ಇದೇ ಕತೆ.

ಲೆಕ್ಕದ ಜೊತೆಗೆ ಕಣ್ಣಳತೆಯೂ ಬೇಕು, ಯಾಕೆಂದರೆ ಪಕ್ಕದ ಮನೆ, ನೀರಿನ ಟ್ಯಾಂಕು, ಮರ ಇವೆಲ್ಲ ಲೆಕ್ಕದಲ್ಲಿ ಬರುವುದಿಲ್ಲ. ಬೇಕಾದದ್ದು 15 ಗೂಟ, ಒಂದು ಉಂಡೆ ಹುರಿ. ಡಿಸೆಂಬರ್ ಮೂರನೇ ವಾರದ ಯಾವುದಾದರೂ ಬಿಸಿಲಿನ ದಿನ ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12.15ಕ್ಕೆ, 3ಕ್ಕೆ ನೆರಳಿನ ಅಂಚಿಗೆ ಐದೈದು ಗೂಟ ಹೊಡೆದು ಹುರಿ ಕಟ್ಟಿ. ಮೂರು ಗೆರೆಗಳ ಒಳಗೂ ಸಿಕ್ಕುವ ಜಾಗವೇ ದಿನವಿಡೀ ಬಿಸಿಲು ಕಾಣದ ಜಾಗ. ಗರಿಕೆಗೆ ದಿನಕ್ಕೆ 6-7 ಗಂಟೆ ನೇರ ಬಿಸಿಲು ಬೇಕು, ಜೋಯ್ಸಿಯಾಕ್ಕೆ 4-5 ಇದ್ದರೂ ಉಸಿರಾಡುತ್ತದೆ. ಅದಕ್ಕಿಂತ ಕಡಿಮೆ ಇರುವ ಕಡೆ ಗೊಬ್ಬರದಿಂದ ಸರಿಮಾಡುತ್ತೇನೆ ಎನ್ನುವುದು ಆಗದ ಮಾತು.

ಇನ್ನು ಮುಂದೆ ಲಾನನ್ನು ಎರಡು ಹೊಲ ಎಂದೇ ಎಣಿಸಬೇಕು: ಬಿಸಿಲಿನ ಪಟ್ಟಿ 6 x 30, ಅಂದರೆ 180 ಚದರಡಿ, ನೆರಳಿನ ಪಟ್ಟಿ 14 x 30, ಅಂದರೆ 420 ಚದರಡಿ. ನೀರು, ಗೊಬ್ಬರ, ಕತ್ತರಿ ಮೂರೂ ಬೇರೆ ಬೇರೆ.

ನವೆಂಬರ್ ಮೊದಲ ಎರಡು ವಾರ: ಕತ್ತರಿ ಮತ್ತು ಕೊನೆಯ ಗೊಬ್ಬರ

ಮಳೆಗಾಲದಲ್ಲಿ ಕತ್ತರಿಸದೆ ಬಿಟ್ಟ ಮೆಕ್ಸಿಕನ್ ಹುಲ್ಲು ಮೆತ್ತೆಯಂತೆ ಉಬ್ಬುತ್ತದೆ. ಮೇಲೆ ಅರ್ಧ ಇಂಚು ಮಾತ್ರ ಹಸಿರು, ಕೆಳಗೆಲ್ಲ ಕಂದು ಕಡ್ಡಿ. ಡಿಸೆಂಬರ್‌ನಲ್ಲಿ ಇದನ್ನು ಒಂದೇ ಏಟಿಗೆ ತಗ್ಗಿಸಿದರೆ ಕಡ್ಡಿ ಬಯಲಾಗಿ, ಮತ್ತೆ ಹಸಿರಾಗಲು ಮಾರ್ಚ್‌ವರೆಗೆ ಕಾಯಬೇಕು. ತಗ್ಗಿಸುವ ಕೆಲಸವೇನಿದ್ದರೂ ಅಕ್ಟೋಬರ್‌ನಿಂದ ನವೆಂಬರ್ 15ರ ಒಳಗೆ, ಹತ್ತು ದಿನಕ್ಕೊಮ್ಮೆ 5 ಮಿ.ಮೀ. ಮಾತ್ರ. ಯಾವಾಗ ಕತ್ತರಿಸಿದರೂ ಇರುವ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು.

ಚಳಿಗಾಲಕ್ಕೆ ನಿಲ್ಲಿಸಬೇಕಾದ ಎತ್ತರ: ಬಿಸಿಲಿನ ಪಟ್ಟಿಯಲ್ಲಿ 30 ಮಿ.ಮೀ., ನೆರಳಿನಲ್ಲಿ 40. ಬಿಸಿಲು ಕಮ್ಮಿ ಇರುವಾಗ ಎಲೆ ಉದ್ದವಿದ್ದಷ್ಟೂ ಅದು ಹಿಡಿಯುವ ಬೆಳಕು ಹೆಚ್ಚು. ಮೊವರ್‌ನ ಲಿವರ್ ಮೇಲಿನ ನಂಬರ್ ನಂಬಬೇಡಿ. ಪ್ಲಗ್ ಕಿತ್ತು, ಮೊವರನ್ನು ಸಮತಟ್ಟಾದ ನೆಲದ ಮೇಲಿಟ್ಟು, ನೆಲದಿಂದ ಬ್ಲೇಡಿನ ಅಂಚಿಗೆ ಸ್ಕೇಲ್ ಹಿಡಿದು ನೋಡಿ. ಕೈಯಿಂದ ತಳ್ಳುವ ರೀಲ್ ಮೊವರ್ ಆದರೆ ಸುರುಳಿ ಬ್ಲೇಡಿಗೂ ಕೆಳಗಿನ ಪಟ್ಟಿಗೂ ನಡುವೆ ಹಾಳೆಯ ತುಂಡು ಹಿಡಿದು, ಬೆರಳು ದೂರವಿಟ್ಟು, ನಿಧಾನಕ್ಕೆ ತಿರುಗಿಸಿ; ಉದ್ದಕ್ಕೂ ಹಾಳೆ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಬೇಕು. ಮಡಚಿಕೊಂಡರೆ ಸಾಣೆ ಬೇಕು. ಮೊಂಡು ಬ್ಲೇಡಿನ ಗುರುತು ಹುಲ್ಲಿನಲ್ಲೇ ಇದೆ: ಕತ್ತರಿಸಿದ ಮರುದಿನ ಒಂದು ಎಲೆ ಕಿತ್ತು ತುದಿ ನೋಡಿದರೆ ನೇರ ಗೆರೆಯ ಬದಲು ಬಿಳಿ ನಾರು ನಾರು. ಇಬ್ಬನಿ ದಿನಗಳಲ್ಲಿ ಆ ನಾರಿನಲ್ಲೇ ರೋಗ ಒಳಗೆ ಇಳಿಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮೂರ್ನಾಲ್ಕು ವಾರಕ್ಕೊಮ್ಮೆ ಕತ್ತರಿಸಿದರೆ ಧಾರಾಳ. ನೆರಳಿನ ಪಟ್ಟಿಗೆ ಕೆಲವೊಮ್ಮೆ ಅದೂ ಬೇಡ.

ಗೊಬ್ಬರ ನವೆಂಬರ್ 15ರ ಒಳಗೆ ಮುಗಿಯಬೇಕು. ಬಿಸಿಲಿನ ಪಟ್ಟಿಗೆ 90 ಗ್ರಾಂ ಯೂರಿಯಾ, ಅದರ ಎರಡೂಕಾಲು ಪಟ್ಟಿಗಿಂತ ತುಸು ದೊಡ್ಡದಾದ ನೆರಳಿನ ಪಟ್ಟಿಗೆ 100 ಗ್ರಾಂ ಮಾತ್ರ. ಜೊತೆಗೆ ಇಡೀ ಲಾನಿಗೆ 280 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್. ಇಷ್ಟು ಕಡಿಮೆ ಪುಡಿ ಕೈಯಲ್ಲಿ ಸಮವಾಗಿ ಎರಚಲು ಬರುವುದಿಲ್ಲ. ಪಟ್ಟಿಗೆ 2 ಕೆಜಿಯಂತೆ ಒಣಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೆ ನಡೆಯುತ್ತಾ, ಉಳಿದರ್ಧವನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಎಲೆ ಒಣಗಿರಬೇಕು, ಅಂದರೆ ಬೆಳಗ್ಗೆ ಹತ್ತರ ಮೇಲೆ. ಇಬ್ಬನಿಯ ಮೇಲೆ ಯೂರಿಯಾ ಬಿದ್ದರೆ ಮುಷ್ಟಿ ಬಿದ್ದಲ್ಲೆಲ್ಲ ಸುಟ್ಟ ಚುಕ್ಕೆ. ಎರಚಿದ ಕೂಡಲೇ 5 ಮಿ.ಮೀ. ನೀರು ಕೊಟ್ಟು ಕರಗಿಸಿಬಿಡಿ.

ನೆರಳಿಗೆ ಯಾಕೆ ಕಮ್ಮಿ? ಸಾರಜನಕ ಸಿಕ್ಕರೆ ಹುಲ್ಲು ಎಲೆ ಹೊಮ್ಮಿಸಲೇಬೇಕು. ಅದಕ್ಕೆ ಬೇಕಾದ ಸಕ್ಕರೆಯನ್ನು ಬಿಸಿಲಿನಿಂದ ಮಾಡಿಕೊಳ್ಳಲಾಗದಿದ್ದಾಗ ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಹದಿನೈದು ದಿನ ಹಚ್ಚಗೆ ಕಾಣುತ್ತದೆ, ಆಮೇಲೆ ಕುಸಿಯುತ್ತದೆ. ನೆರಳಿನ ಹುಲ್ಲಿಗೆ ಚಳಿಗಾಲದಲ್ಲಿ ಯೂರಿಯಾ ಕೊಡುವುದು ಕೂಡಿಟ್ಟ ಗಂಟನ್ನು ಕರಗಿಸಿದ ಹಾಗೆ. ಇಂಟರ್‌ನೆಟ್‌ನಲ್ಲಿ ಸಿಗುವ ‘ವಿಂಟರ್ ಫರ್ಟಿಲೈಸರ್’ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡಿನ, ತಂಪಿನಲ್ಲೇ ಬೆಳೆಯುವ ಬೇರೆ ಜಾತಿಯ ಹುಲ್ಲಿಗೆ ಬರೆದವು. ಟೆಕ್ಸಸ್‌ನಲ್ಲಿ ಮನೆ ಮಾಡಿರುವ ಕನ್ನಡಿಗರ ಅಂಗಳದಲ್ಲಿ ಬರ್ಮುಡಾ ಇದ್ದರೂ ಅಲ್ಲಿ ಅದು ಚಳಿಗಾಲವಿಡೀ ಕಂದಾಗಿ ಮಲಗುತ್ತದೆ. ಅವರ ಕ್ಯಾಲೆಂಡರ್ ಇಲ್ಲಿಗೆ ಹೊಂದುವುದಿಲ್ಲ.

ನವೆಂಬರ್ ಮೂರನೇ ವಾರ: ಬೋಳು ಜಾಗದ ದುರಸ್ತಿ

ಇದು ಈ ವರ್ಷ ಹುಲ್ಲು ಕೂರಿಸಲು ಸಿಗುವ ಕೊನೆಯ ಅವಕಾಶ. ಡಿಸೆಂಬರ್‌ನಲ್ಲಿ ಕೂರಿಸಿದ ತುಂಡು ಬೇರು ಬಿಡದೆ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ.

ಕಾಂಪೌಂಡ್ ಗೋಡೆಯ ಹತ್ತಿರ, ಬಿಸಿಲಿನ ಪಟ್ಟಿಯಲ್ಲೇ ಒಂದು ಬೋಳು ಇತ್ತು, ತಟ್ಟೆಯಗಲ. ಮೊದಲ ಪರೀಕ್ಷೆ: ಹಿಂದಿನ ದಿನ ನೀರು ಹಾಕಿ, 6 ಇಂಚಿನ ಸ್ಕ್ರೂಡ್ರೈವರ್ ಚುಚ್ಚುವುದು. ಸುತ್ತಲೂ ಹಿಡಿಯವರೆಗೆ ಇಳಿಯಿತು, ಬೋಳಿನ ನಡುವೆ 3 ಇಂಚಿಗೆ ಟಕ್ ಎಂದು ನಿಂತಿತು. ಅಗೆದಾಗ ಸಿಕ್ಕಿದ್ದು ಕಟ್ಟಡ ಕಟ್ಟಿದವರು ಹೂತುಬಿಟ್ಟ ಗಾರೆ ಹೆಪ್ಪು, ಎರಡು ಇಟ್ಟಿಗೆ ಚೂರು. ಅದರ ಮೇಲಿನ 3 ಇಂಚು ಮಣ್ಣು ನವೆಂಬರ್ ಮಳೆ ನಿಂತ ವಾರದೊಳಗೆ ಒಣಗುತ್ತದೆ, ಗಾರೆಯ ಸುಣ್ಣ ಮಣ್ಣಿನ ಹುಳಿ ಕಳೆದು ಕಬ್ಬಿಣವನ್ನು ಬೇರಿಗೆ ಸಿಗದಂತೆ ಮಾಡುತ್ತದೆ. ಮೇಲಿಂದ ಎಷ್ಟು ಸಲ ಹೊಸ ಹುಲ್ಲು ಕೂರಿಸಿದರೂ ಇಂಥ ಜಾಗದಲ್ಲಿ ನಿಲ್ಲುವುದಿಲ್ಲ. ಗೋಡೆ ಪಕ್ಕದ ಬೋಳನ್ನು ಅಗೆಯದೆ ದುರಸ್ತಿ ಮಾಡಲೇಬೇಡಿ.

ಕ್ರಮ ಹೀಗೆ. ಬೋಳಿಗಿಂತ ಸುತ್ತಲೂ 2 ಇಂಚು ಹೆಚ್ಚಾಗಿ, ಚೌಕಾಕಾರವಾಗಿ ಹುಲ್ಲನ್ನು ಹಳೇ ಚಾಕುವಿನಿಂದ ಕೊಯ್ದು ತೆಗೆಯಿರಿ. ಚೌಕ ಯಾಕೆಂದರೆ ಹೊಸ ತುಂಡಿನ ಅಂಚು ಸಂದಿಲ್ಲದೆ ಕೂರುತ್ತದೆ. ಕನಿಷ್ಠ 4 ಇಂಚು ಆಳ ಅಗೆದು, ಗಾರೆ ಸಿಕ್ಕಿದರೆ ಅದು ಮುಗಿಯುವವರೆಗೂ ತೆಗೆಯಿರಿ. ತುಂಬಲು ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಹಳೇ ಕಾಂಪೋಸ್ಟ್ ಒಂದು. ಎಂ-ಸ್ಯಾಂಡ್ ಆದರೆ ತೊಳೆದೇ ಬಳಸಿ. ಅದರ ನುಣುಪು ಪುಡಿ ಒದ್ದೆಯಾಗಿ ಒಣಗಿದಾಗ ಗಟ್ಟಿ ಪದರವಾಗುತ್ತದೆ. ತುಂಬಿ, ನೀರು ಬಿಟ್ಟು, ಎರಡು ದಿನ ಕುಸಿಯಲು ಬಿಟ್ಟು, ಮತ್ತೆ ಸಮ ಮಾಡಿ.

ಹುಲ್ಲಿನ ಚಾಪೆ ತರುವಾಗ, ಅದು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿರಲಿ, ನಿಮ್ಮ ಬಡಾವಣೆಯ ನರ್ಸರಿಯಿರಲಿ, ಎರಡು ವಿಷಯ ನೋಡಲೇಬೇಕು. ಒಂದು, ಚಾಪೆಯ ಅಡಿಯ ಮಣ್ಣು. ಸಾಗಿಸುವಾಗ ಉದುರದಿರಲಿ ಎಂದು ಹಲವು ಕಡೆ ಜಿಗುಟು ಜೇಡಿಮಣ್ಣಲ್ಲಿ ಬೆಳೆಸಿರುತ್ತಾರೆ. ಅದನ್ನು ಹಾಗೇ ಕೂರಿಸಿದರೆ ಜೇಡಿಯ ಬಿಲ್ಲೆ ನೀರನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ, ಬೇರು ಕೆಳಗಿನ ಕೆಮ್ಮಣ್ಣಿಗೆ ಇಳಿಯುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಚಾಪೆಯ ಅಡಿಯನ್ನು ಅದ್ದಿ, ಅರ್ಧಕ್ಕಿಂತ ಹೆಚ್ಚು ಜೇಡಿ ತೊಳೆದು, ಬೇರು ಕಾಣುವಂತೆ ಮಾಡಿ ಕೂರಿಸಿ. ಎರಡು, ತುಂಗೆ ಎನ್ನುವ ಗಡ್ಡೆಯ ಕಳೆ. ಅನುಮಾನ ಬಂದ ಕಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ: ಹುಲ್ಲಾದರೆ ನುಣ್ಣಗೆ ಉರುಳುತ್ತದೆ, ತುಂಗೆಯಾದರೆ ಮೂರು ಏಣು ಬೆರಳಿಗೆ ತಗಲುತ್ತದೆ. ಮೂರು ಏಣು ಸಿಕ್ಕ ಚಾಪೆ ಬಿಟ್ಟಿ ಕೊಟ್ಟರೂ ತರಬೇಡಿ. ಒಂದು ಗಡ್ಡೆ ಒಳಗೆ ಬಂದರೆ ಮಣ್ಣಡಿಯಲ್ಲಿ ಸರಪಣಿಯಾಗಿ ಹಬ್ಬುತ್ತದೆ.

ಹೊಸ ತುಂಡು ಸುತ್ತಲಿನ ನೆಲಕ್ಕಿಂತ 5 ಮಿ.ಮೀ. ಮೇಲೆ ನಿಲ್ಲಲಿ, ಮಣ್ಣು ಕುಸಿದಾಗ ಸಮವಾಗುತ್ತದೆ. ಮೇಲೆ ಹಲಗೆ ಇಟ್ಟು ಅದರ ಮೇಲೆ ನಿಂತು ಒತ್ತಿ, ಸಂದಿಗೆ ಅದೇ ಮಿಶ್ರಣ ಉದುರಿಸಿ. ಹತ್ತು ದಿನ ಬೆಳಗ್ಗೆ ಲಘುವಾಗಿ ನೀರು, ನಂತರ ದಿನ ಬಿಟ್ಟು ದಿನ. ಬೇರು ಬಿಟ್ಟಿತೇ ಎಂದು ತಿಳಿಯಲು ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ, ತಡೆದರೆ ಬಿಟ್ಟಿದೆ. ಮಳೆಗಾಲದಲ್ಲಿ ಎರಡು ವಾರದಲ್ಲಿ ಆಗುವುದು ಈಗ ಮೂರು ನಾಲ್ಕು ವಾರ ಹಿಡಿಯುತ್ತದೆ.

ನೆರಳಿನ ಪಟ್ಟಿಯ ಬೋಳುಗಳನ್ನು ಈಗ ಮುಟ್ಟಲಿಲ್ಲ. ಬಿಸಿಲು ವಾಪಸು ಬರುವವರೆಗೆ ಅಲ್ಲಿ ಏನು ಕೂರಿಸಿದರೂ ದುಡ್ಡು ದಂಡ.

ಡಿಸೆಂಬರ್: ನೀರು

600 ಚದರಡಿಗೆ 1 ಮಿ.ಮೀ. ನೀರು ಅಂದರೆ 56 ಲೀಟರ್. ಬಿಸಿಲಿನ ಪಟ್ಟಿಗೆ ಸುಮಾರು 17, ನೆರಳಿನದಕ್ಕೆ 39. ಡಿಸೆಂಬರ್‌ನ ಒಣಹವೆಯಲ್ಲಿ ಬಿಸಿಲಿನ ಹುಲ್ಲು ದಿನಕ್ಕೆ 2ರಿಂದ 2.5 ಮಿ.ಮೀ. ನೀರು ಕುಡಿಯುತ್ತದೆ ಎಂದು ಹಿಡಿದರೆ ನಾಲ್ಕು ದಿನಕ್ಕೊಮ್ಮೆ 8 ಮಿ.ಮೀ., ಅಂದರೆ 135 ಲೀಟರ್. ನೆರಳಿನ ಪಟ್ಟಿಗೆ ಎಂಟು ದಿನಕ್ಕೊಮ್ಮೆ 8 ಮಿ.ಮೀ., ಅಂದರೆ 310 ಲೀಟರ್. ಪೈಪಿನ ವೇಗ ತಿಳಿಯಲು 15 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಬಿಸಿಲಿಗೆ 9 ನಿಮಿಷ, ನೆರಳಿಗೆ 21. ಸ್ಪ್ರಿಂಕ್ಲರ್ ಇದ್ದರೆ ನೇರ ಗೋಡೆಯ ಐದು ಸ್ಟೀಲ್ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು 15 ನಿಮಿಷ ಓಡಿಸಿ, ಸ್ಕೇಲ್ ಇಳಿಸಿ ಅಳೆಯಿರಿ. ಒಂದರಲ್ಲಿ 3 ಮಿ.ಮೀ., ಇನ್ನೊಂದರಲ್ಲಿ 9 ಸಿಕ್ಕರೆ ಆಶ್ಚರ್ಯಪಡಬೇಡಿ. ಸ್ಪ್ರಿಂಕ್ಲರ್ ಜಾಗ ಬದಲಿಸಬೇಕು ಅಷ್ಟೆ.

ದಿನ ಎಣಿಸುವುದಕ್ಕಿಂತ ಹುಲ್ಲನ್ನು ಕೇಳುವುದು ಮೇಲು. ನಡೆದು ಹೋಗಿ ಹಿಂತಿರುಗಿ ನೋಡಿ: ಹೆಜ್ಜೆಗುರುತು ಕೂಡಲೇ ಎದ್ದರೆ ನೀರಿದೆ, ಹಾಗೇ ಬಿದ್ದಿದ್ದರೆ, ಬಣ್ಣ ನೀಲಿ ಬೂದಿಗೆ ತಿರುಗಿದ್ದರೆ ನೀರು ಬೇಕು.

ನೀರಿನ ಹೊತ್ತು ಬೆಳಗ್ಗೆ 6ರಿಂದ 8. ಇದರಲ್ಲಿ ರಾಜಿ ಬೇಡ. ಇಬ್ಬನಿಯಿಂದ ಎಲೆ ಹೇಗೂ ರಾತ್ರಿ ಒದ್ದೆಯಾಗಿರುತ್ತದೆ; ಬೆಳಗಿನ ನೀರು ಅದರ ಮೇಲೇ ಬಿದ್ದು ಒಟ್ಟಿಗೆ ಒಣಗುತ್ತದೆ. ಸಂಜೆ 5ಕ್ಕೆ ನೀರು ಬಿಟ್ಟರೆ ಎಲೆ ಹದಿನೈದು ಹದಿನಾರು ಗಂಟೆ ಒದ್ದೆ. ರೋಗಕ್ಕೆ ಅಷ್ಟು ಸಾಕು.

ನೀರು ಎಲ್ಲಿಂದ ಎನ್ನುವುದೂ ಮುಖ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಆ ಬಿಗಿ ಇಲ್ಲದ ವರ್ಷದಲ್ಲೂ ಕಾವೇರಿ ನೀರನ್ನು ಲಾನಿಗೆ ಸುರಿಯುವುದು ಸರಿಯಲ್ಲ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ದಟ್ಟವಾಗಿರುತ್ತದೆ. ಅದಕ್ಕೆ ಸಮನಾಗಿ ಬೇರೆ ನೀರು ಬೆರೆಸಿ, ವಾರಕ್ಕೊಂದು ಸಲ ಮಾತ್ರ ಕೊಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಾಲ ಮುಂದುವರಿದಂತೆ ಹುಲ್ಲು ಹಳದಿಯಾಗುತ್ತದೆ.

ಹಳದಿಯಲ್ಲೂ ಎರಡು ಬಗೆ. ಒಂದು ಕಡ್ಡಿ ಕಿತ್ತು ಹಿಡಿದು ನೋಡಿ. ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಹಳೇ ಎಲೆ ಹಸಿರಾಗೇ ಇದ್ದು ತುದಿಯ ಎಳೆ ಎಲೆ ಬಿಳಿಚಿ, ನರ ಮಾತ್ರ ಹಸಿರು ಗೆರೆಯಾಗಿ ಕಂಡರೆ ಕಬ್ಬಿಣದ ಕೊರತೆ. ಎರಡನೆಯದಕ್ಕೆ 10 ಲೀಟರ್ ನೀರಿಗೆ 50 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಮಚ ಸಿಟ್ರಿಕ್ ಆಮ್ಲ. ಗಡಸು ನೀರಿನಲ್ಲಿ ಫೆರಸ್ ಸಲ್ಫೇಟ್ ತುಕ್ಕಾಗಿ ತಳ ಸೇರುವುದನ್ನು ಸಿಟ್ರಿಕ್ ತಡೆಯುತ್ತದೆ. ಸಂಜೆ 4ರ ಸುಮಾರಿಗೆ ಇಡೀ ಲಾನಿಗೆ ತೆಳ್ಳಗೆ ಸಿಂಪಡಿಸಿ. ಹನಿ ಬಿದ್ದ ಸಿಮೆಂಟು, ಗ್ರಾನೈಟು, ಬಿಳಿ ಬಟ್ಟೆ ಕಂದು ಕಲೆಯಾಗುತ್ತದೆ, ಹೋಗುವುದಿಲ್ಲ. ದಾರಿಗೆ ಮೊದಲೇ ನೀರು ಹಾಕಿ ಒದ್ದೆ ಮಾಡಿ, ಸಿಂಪಡಿಸಿದ ಕೂಡಲೇ ತೊಳೆಯಿರಿ.

ಜನವರಿ: ಇಬ್ಬನಿಯ ರೋಗ

ಬೆಳಗ್ಗೆ 7ಕ್ಕೆ ಲಾನಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಬೇಕಾದ ತಿಂಗಳಿದು. ಐದು ರೂಪಾಯಿ ನಾಣ್ಯದಷ್ಟು ಒಣಹುಲ್ಲಿನ ಬಣ್ಣದ ಚುಕ್ಕೆಗಳು, ಅವುಗಳ ಮೇಲೆ ಇಬ್ಬನಿಯಲ್ಲಿ ಜೇಡರಬಲೆಯಂತೆ ಬಿಳಿ ಎಳೆ ಕಂಡರೆ ಅದು ಡಾಲರ್ ಸ್ಪಾಟ್. ಎಂಟು ಗಂಟೆಯ ಬಿಸಿಲಿಗೆ ಆ ಎಳೆ ಮಾಯ. ಆದ್ದರಿಂದಲೇ ಹತ್ತು ಗಂಟೆಗೆ ನೋಡಿದವರು ಇದನ್ನು ನೀರಿನ ಕೊರತೆ ಎಂದುಕೊಂಡು ಇನ್ನಷ್ಟು ನೀರು ಬಿಡುತ್ತಾರೆ. ಖಾತ್ರಿಗೆ ಚುಕ್ಕೆಯ ಅಂಚಿನ ಎಲೆ ಕೀಳಿ: ನಡುವೆ ಬಿಳಿಚಿದ ಮಚ್ಚೆ, ಅದರ ಎರಡು ತುದಿಗೆ ಕೆಂಗಂದು ಅಂಚು, ಡಮರುಗದ ಆಕಾರ.

ಇದು ಹಸಿದ ಹುಲ್ಲಿಗೆ ಬರುವ ರೋಗ. ಬಿಸಿಲಿನ ಪಟ್ಟಿಯಲ್ಲಿ ಬಂದರೆ 10 ಲೀಟರ್ ನೀರಿಗೆ 50 ಗ್ರಾಂ ಯೂರಿಯಾ ಕರಗಿಸಿ ಸಿಂಪಡಿಸುವುದೇ ಅರ್ಧ ಮದ್ದು. ಉಳಿದರ್ಧ, ಇಬ್ಬನಿ ಇಳಿಸುವುದು: ಇಬ್ಬರು ಎರಡು ತುದಿ ಹಿಡಿದು ತೆಂಗಿನ ಹಗ್ಗವನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಹನಿಯೆಲ್ಲ ಉದುರಿ ಎಲೆ ಒಂದೆರಡು ಗಂಟೆ ಬೇಗ ಒಣಗುತ್ತದೆ. ಮೊದಲು ರೋಗವಿಲ್ಲದ ಕಡೆ, ಕೊನೆಗೆ ರೋಗವಿರುವ ಕಡೆ ಎಳೆಯಬೇಕು. ತಿರುವುಮುರುವಾದರೆ ಹಗ್ಗವೇ ರೋಗ ಹಂಚುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಬ್ರೌನ್ ಪ್ಯಾಚ್. ಅಡಿಗಟ್ಟಲೆ ಅಗಲದ ಮಸುಕು ಉಂಗುರ, ಎಲೆ ಹಿಡಿದೆಳೆದರೆ ಬುಡದಿಂದ ಕೊಳೆತು ಸಲೀಸಾಗಿ ಬರುತ್ತದೆ. ನೀರು, ಸಾರಜನಕ ಎರಡೂ ಹೆಚ್ಚಾದ ಕಡೆ ಬರುವಂಥದ್ದು. ಇದಕ್ಕೆ ಯೂರಿಯಾ ಕೊಟ್ಟರೆ ಬೆಂಕಿಗೆ ತುಪ್ಪ. ನೀರು ನಿಲ್ಲಿಸಿ, ಕೊಳೆತದ್ದನ್ನು ಬಾಚಿ ತೆಗೆದು, ಕವಲುಸಲಾಕೆಯಲ್ಲಿ (ಗಾರ್ಡನ್ ಫೋರ್ಕ್) 4 ಇಂಚಿಗೊಂದು ತೂತು ಹೊಡೆದು ಒಣಗಲು ಬಿಡಿ. ಎರಡು ವಾರದ ನಂತರವೂ ಹರಡುತ್ತಿದ್ದರೆ ಮಾತ್ರ ಶಿಲೀಂಧ್ರನಾಶಕ ಪ್ರೊಪಿಕೊನಜೋಲ್ 25 ಇಸಿ, ಲೀಟರಿಗೆ 1 ಮಿ.ಲೀ., ಕೈಗವಸು ಮುಖಗವಸು ಹಾಕಿಕೊಂಡು, ಒಂದೇ ಸಲ. ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ ಹುಲ್ಲಿಗೆ ಇಳಿಯಬಾರದು.

ಟಬೆಬುಯಾ ಮರ ಹತ್ತಿರವಿದ್ದರೆ ಉದುರಿದ ಹೂವನ್ನು ಎರಡು ದಿನಕ್ಕೊಮ್ಮೆ ಬಿದಿರಿನ ಬಾಚಣಿಗೆಯಿಂದ ತೆಗೆಯಿರಿ. ಒದ್ದೆ ಹೂ ಎಲೆಗೆ ಅಂಟಿ, ಅದರಡಿ ಹುಲ್ಲು ಕೊಳೆಯುತ್ತದೆ. ಕಳೆಯಲ್ಲಿ ಪುಲ್ಲಂಪುರಚಿ, ಅಂದರೆ ಮೂರೆಲೆಯ ಹುಳಿಸೊಪ್ಪು, ನೆರಳಿನ ತೆಳು ಜಾಗಕ್ಕೆ ನುಗ್ಗುತ್ತದೆ; ಕಾಯಿ ಸಿಡಿದು ಬೀಜ ಎರಚುವ ಮೊದಲೇ ಕೀಳಬೇಕು, ನೀರು ಹಾಕಿದ ಮರುದಿನ, ಕುರ್ಪಿ ಹಾಕಿ ಬೇರು ಸಮೇತ. ಇದೇ ತಿಂಗಳು ನೆರಳಿನ ಪಟ್ಟಿಯ ಮೇಲೆ ಓಡಾಟ ನಿಲ್ಲಿಸಲು ಹುರಿ ಕಟ್ಟಿ. ತುಳಿದ ಎಲೆಗೆ ಬದಲು ಎಲೆ ಬರುವುದಿಲ್ಲ ಈಗ.

ಫೆಬ್ರವರಿ ಎರಡನೇ ಪಕ್ಷ: ಬಿಸಿಲು ವಾಪಸು

ನೆರಳು 11 ಅಡಿಗೆ ಇಳಿದಿದೆ, ಹಗಲು 30 ಡಿಗ್ರಿ ಮುಟ್ಟುತ್ತಿದೆ. ಬುಡದಲ್ಲಿ ಬಿಳಿ ಹೊಸ ಬೇರು ಕಂಡ ಮೇಲೆ ದೊಡ್ಡ ಕೆಲಸ ಶುರು. ಮೊದಲು 5 ಮಿ.ಮೀ. ತಗ್ಗಿಸಿ ಕತ್ತರಿಸಿ, ಗಟ್ಟಿಯಾದ ಕಡೆ ಕವಲುಸಲಾಕೆಯಿಂದ 4 ಇಂಚು ಆಳದ ತೂತು. ಆಮೇಲೆ 3 ಮಿ.ಮೀ. ದಪ್ಪಕ್ಕೆ ಮೇಲ್ಮಣ್ಣು, ನವೆಂಬರ್‌ನ ಅದೇ ಮಿಶ್ರಣ. ಒಟ್ಟು 170 ಲೀಟರ್, 15 ಲೀಟರಿನ ಬಾಂಡ್ಲಿಯಲ್ಲಿ ಹನ್ನೊಂದು ಚಿಲ್ಲರೆ. ಹರಡಿದ ಮೇಲೆ ಪೊರಕೆಯ ಬೆನ್ನಿನಿಂದ ಉಜ್ಜಿ. ಎಲೆಯ ತುದಿ ಮೇಲೆ ಕಾಣಬೇಕು, ಹೂತುಹೋಗಬಾರದು. ಲಾರಿ ಮಣ್ಣು ತರಿಸಿ ಒಂದು ಇಂಚು ಹೊದಿಸುವ ರೂಢಿ ಬೆಂಗಳೂರಿನಲ್ಲಿ ಬಹಳ. ಅದು ಇದ್ದ ಹುಲ್ಲನ್ನು ಉಸಿರುಗಟ್ಟಿಸಿ, ಮಣ್ಣಿನ ಜೊತೆ ಬಂದ ತುಂಗೆಗೆ ಜಾಗ ಮಾಡಿಕೊಡುತ್ತದೆ.

ನೆರಳಿನ ಪಟ್ಟಿಯ ಬೋಳುಗಳಿಗೆ ಈಗ ಕೈ ಹಾಕಬಹುದು. ಮನೆಗೆ ಅಂಟಿದ ಮೊದಲ 4 ಅಡಿಯಲ್ಲಿ ಮೆಕ್ಸಿಕನ್ ಹುಲ್ಲನ್ನು ಮತ್ತೆ ಕೂರಿಸಲಿಲ್ಲ. ಡಿಸೆಂಬರ್‌ನ ಮೂರೂ ಹುರಿಗಳ ಒಳಗೆ ಸಿಕ್ಕ ಜಾಗ ಅದು. ಅಲ್ಲಿಗೆ ನರ್ಸರಿಯಲ್ಲಿ ಬಫೆಲೋ ಎಂದು ಸಿಗುವ ಅಗಲೆಲೆಯ ಹುಲ್ಲಿನ ಬೇರುಕಡ್ಡಿಗಳನ್ನು 6 ಇಂಚು ಅಂತರದಲ್ಲಿ, ಎರಡು ಗಿಣ್ಣು ಮಣ್ಣಿನೊಳಗೆ ಒಂದು ಹೊರಗೆ ಇರುವಂತೆ ನೆಟ್ಟದ್ದಾಯಿತು. 4 x 30 ಅಡಿಗೆ ಸುಮಾರು 480 ಕಡ್ಡಿ. ಗೋಡೆಯ ಬುಡದಲ್ಲಿ ಹೆಚ್ಚು ನೆರಳು ತಾಳುವ ಹುಲ್ಲು ಇದು. ಎತ್ತರ 50 ಮಿ.ಮೀ.ಗಿಂತ ತಗ್ಗಿಸಬಾರದು. ಮೊದಲ ಮೂರು ವಾರ ದಿನಕ್ಕೊಮ್ಮೆ ನೀರು.

ಫೆಬ್ರವರಿ ಕೊನೆಯ ದಿನಗಳಲ್ಲಿ, ನೆರಳು 9 ಅಡಿಯೊಳಗೆ ಬಂದ ಮೇಲೆ, ಹಳೇ ಹುಲ್ಲಿಗೆಲ್ಲ 300 ಗ್ರಾಂ ಯೂರಿಯಾ, ಮರಳಿನಲ್ಲಿ ಬೆರೆಸಿ ಎರಡು ದಿಕ್ಕಿನಲ್ಲಿ. ಹೊಸದಾಗಿ ನೆಟ್ಟ 4 ಅಡಿಗೆ ಈಗ ಬೇಡ. ಅಲ್ಲಿ ಕಡ್ಡಿಯ ಗಿಣ್ಣಿನಿಂದ ಎರಡನೇ ಎಲೆ ಬಂದ ಮೇಲೆ, ಯುಗಾದಿಯ ಹೊತ್ತಿಗೆ, 40 ಗ್ರಾಂ ಸಾಕು.